ರಾಕೆಟ್ಟಿನಿಂದ ಇಳಿದವಳಿಗೆ ನೀರು ಬೆಲ್ಲ

ಬುಧವಾರ ಹತ್ತೂವರೆಯ ಹೊತ್ತಿಗೆ ನಾನು ಹಿಂದಿನ ಜಗಲಿಯಲ್ಲಿ ಮೆಟ್ಟುಕತ್ತಿಯ ಮೇಲೆ ಕೂತು ಬೂತಾಯಿ ಕೊಯ್ಯುತ್ತಿದ್ದೆ. ಇಪ್ಪತ್ತು ಮೀನಿನಲ್ಲಿ ಎಂಟರ ಕೆಲಸ ಮುಗಿದಿತ್ತು. ಅಷ್ಟರಲ್ಲಿ ಒಳಗೆ ಫ್ರಿಜ್ಜಿನ ಮೇಲಿದ್ದ ಫೋನು ಹೊಡೆದುಕೊಳ್ಳಲು ಶುರುವಾಯಿತು. ಕೈ ತುಂಬ ಮೀನಿನ ಹುರುಪೆ. ಒಮ್ಮೆ ನಿಂತಿತು, ಮತ್ತೆ ಶುರುವಾಯಿತು. ಎರಡು ಸಲ ಮಾಡುವವರಿಗೆ ಏನೋ ಅಗತ್ಯ ಇರುತ್ತದೆ ಎಂದು ಕೈಯನ್ನು ಸೀರೆಗೆ ಒರೆಸಿಕೊಂಡು ಎದ್ದೆ.

ಅತ್ತ ಕಡೆ ಒಬ್ಬರು ಮುದುಕರ ದನಿ. "ವಾರಿಜಳಾ? ಉಳ್ಳಾಲದ ಸೀತಕ್ಕನ ಪುಳ್ಳಿಯಾ?"

ಸೀತಕ್ಕ ನನ್ನ ಅಜ್ಜಿ, ನಾನು ಅವಳ ಮೊಮ್ಮಗಳು. ಆದರೆ ಹಾಗೆ ಹೇಳಿ ನನ್ನನ್ನು ಕರೆಯುವವರು ಈಗ ಯಾರೂ ಉಳಿದಿಲ್ಲ. ನಾನು ಹೌದು ಎಂದೆ.

"ನಾನು ರಾಕೆಟ್ ಮಾಸ್ಟ್ರು ಮಾತಾಡುವುದು. ನೆನಪುಂಟಾ?"

ನೆನಪುಂಟಾ ಎಂದರೆ ಏನು ಹೇಳುವುದು. ನಾನು ಒಂಬತ್ತು ವರ್ಷದವಳಿದ್ದಾಗ ಇದೇ ಮಾಸ್ಟ್ರ ಸಿನಿಮಾ ನನ್ನಿಂದಾಗಿ ಹಾಳಾಯಿತು. ಬೈಗುಳ ತಿಂದದ್ದು ಅಜ್ಜಿ. ನಾನು ಒಂದು ಸುಳ್ಳು ಹೇಳಿ ತಪ್ಪನ್ನೆಲ್ಲ ಅವಳ ಮೇಲೆ ಹಾಕಿದೆ. ಮದುವೆಯಾಗಿ ಮಣ್ಣಗುಡ್ಡೆಗೆ ಬಂದು ಇಷ್ಟು ವರ್ಷವಾದರೂ ಈ ಮಾತನ್ನು ನಮ್ಮ ಮನೆಯವರಿಗೂ ಹೇಳಿರಲಿಲ್ಲ. ನಾನು ಫ್ರಿಜ್ಜನ್ನು ಹಿಡಿದುಕೊಂಡು ನಿಂತೆ. ಅವರು ಏನು ಕೇಳಿದರು ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ರಜೆಯ ಸಂಗತಿ ಹೇಳಬೇಕು.

ಕಡಲ ಬದಿಯಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ಆಗೆಲ್ಲ ಮೇ ತಿಂಗಳ ಕೊನೆಯ ವಾರ ಬಂತೆಂದರೆ ದೋಣಿಗಳು ಮೇಲೆ ಬರುವ ವಾರ. ಕಡಲಿನ ಬಣ್ಣ ಬದಲಾಗುತ್ತಿತ್ತು. ಅಲೆಯ ಸದ್ದು ದಪ್ಪವಾಗುತ್ತಿತ್ತು. ಹತ್ತಿಪ್ಪತ್ತು ಮಂದಿ ಸೇರಿ ಹಾಡು ಹೇಳಿಕೊಂಡು, ತೆಂಗಿನ ದಿಮ್ಮಿಗಳ ಮೇಲೆ ಉರುಳಿಸಿ, ದೋಣಿಯನ್ನು ಮನೆಯಂಗಳದ ಹತ್ತಿರದವರೆಗೆ ಎಳೆದು ತರುತ್ತಿದ್ದರು. ನಾಲ್ಕೈದು ದಿನ ಬಿಸಿಲಿಗೆ ಒಣಗಿಸಿ, ಮೀನೆಣ್ಣೆ ಹಚ್ಚಿ, ಮಳೆಗಾಲಕ್ಕೆಂದು ಮಗುಚಿ ಹಾಕಿ, ಮೇಲೆ ತೆಂಗಿನ ಮಡಲಿನ ಚಪ್ಪರ. ಇಡೀ ಕೇರಿಗೆ ಮೀನೆಣ್ಣೆಯ ವಾಸನೆ. ಅದರ ಜೊತೆ ಒಣಗಲು ಹಾಕಿದ ನಂಗು ಮೀನಿನ ವಾಸನೆ, ಹಲಸಿನ ಹಪ್ಪಳದ ವಾಸನೆ, ಕಾಟುಮಾವಿನ ಸೊನೆಯ ವಾಸನೆ. ನಾವು ಮಕ್ಕಳು ಆ ದೋಣಿಗಳ ನೆರಳಲ್ಲಿ ಕಣ್ಣಾಮುಚ್ಚಾಲೆ ಆಡಿ, ಏಡಿಯ ತೂತಿಗೆ ಕಡ್ಡಿ ಹಾಕಿ, ಸಂಜೆ ಮೈಗೆಲ್ಲ ಎಣ್ಣೆ ಮೆತ್ತಿಕೊಂಡು ಬೈಸಿಕೊಳ್ಳುತ್ತಿದ್ದೆವು.

ಆ ವರ್ಷ ಅಪ್ಪ, ಅಮ್ಮ ಕೂಸು ತಮ್ಮನ ಜೊತೆ ಬೊಂಬಾಯಿಯಲ್ಲಿದ್ದರು. ಮನೆಯಲ್ಲಿ ಅಜ್ಜ, ಅಜ್ಜಿ, ನಾನು. ಅಜ್ಜಿ ಬೆಳಿಗ್ಗೆ ತಲೆಯ ಮೇಲೆ ಬುಟ್ಟಿ ಹೊತ್ತು ಹೊಳೆಯಾಚೆ ಮೀನು ಮಾರಲು ಹೋಗುವವಳು. ದೋಣಿ ಮೇಲೆ ಬಂದ ಮೇಲೆ ಅವಳಿಗೂ ರಜೆ, ಆದರೆ ರಜೆಯಲ್ಲಿ ಕೂತದ್ದನ್ನು ನಾನು ನೋಡಿದ್ದಿಲ್ಲ. ಅವಳ ಎರಡು ಪದ್ಧತಿ ಹೇಳಬೇಕು. ಒಂದು, ಬಿಸಿಲಿಂದ ಯಾರು ಬಂದರೂ, ಪೋಸ್ಟಿನವನಾಗಲಿ, ಬಳೆಗಾರನಾಗಲಿ, ಮೊದಲು ಒಂದು ತುಂಡು ಬೆಲ್ಲ ಮತ್ತು ಚೊಂಬು ನೀರು. ಎಂತ ಬಂದದ್ದು ಎಂದು ಕೇಳುವುದು ಅದಾದ ಮೇಲೆ. ಎರಡು, ಮುಸ್ಸಂಜೆ ದೀಪ ಹಚ್ಚಿದ ಮೇಲೆ ದೇವರ ಮುಂದೆ ಕೂತು ಆ ದಿನದ ಮೂರು ಒಳ್ಳೆಯದನ್ನು ಬಾಯಿಬಿಟ್ಟು ಹೇಳಬೇಕು. ಬೇಡುವುದು ಆಮೇಲೆ. "ಕೊಟ್ಟದ್ದಕ್ಕೆ ಹೇಳದೆ ಮತ್ತೆ ಮತ್ತೆ ಕೇಳಲಿಕ್ಕೆ ನಾಚಿಕೆ ಆಗುವುದಿಲ್ಲವಾ?" ಎನ್ನುತ್ತಿದ್ದಳು. ಗಂಜಿಗೆ ಉಪ್ಪು ಸರಿಯಾಗಿತ್ತು ಎನ್ನುವುದೂ ಅವಳ ಲೆಕ್ಕದಲ್ಲಿ ಒಂದು ಒಳ್ಳೆಯದೇ.

ಅಂಥ ದಿನಗಳಲ್ಲಿ ಒಂದು ಬೆಳಿಗ್ಗೆ ಮಾಸ್ಟ್ರು ಬಂದರು. ಪೇಟೆಯ ಕಡೆ ಯಾವುದೋ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವರು, ತೆಳ್ಳಗಿನ ಜನ, ದಪ್ಪ ಕನ್ನಡಕ. ಜೊತೆಗೆ ಅವರ ತಂಗಿ ಉಷಕ್ಕ, ಮತ್ತೆ ಕ್ಯಾಮರಾ ಹಿಡಿಯುವ ಒಬ್ಬರು. ಅಜ್ಜಿ ಮೂವರಿಗೂ ನೀರು ಬೆಲ್ಲ ಕೊಟ್ಟಳು. ಆಮೇಲೆ ಮಾಸ್ಟ್ರು ವಿಷಯ ಹೇಳಿದರು. ಅವರು ಒಂದು ಸಿನಿಮಾ ಮಾಡುತ್ತಿದ್ದರು. ಒಬ್ಬಳು ಹೆಂಗಸು ರಾಕೆಟ್ಟಿನಲ್ಲಿ ನಕ್ಷತ್ರಗಳ ಕಡೆಗೆ ಹೋಗುತ್ತಾಳೆ. ಅವಳ ಲೆಕ್ಕದಲ್ಲಿ ಹೋಗಿ ಬರಲು ಒಂದು ವರ್ಷ. ಆದರೆ ತಿರುಗಿ ಬಂದಾಗ ಭೂಮಿಯಲ್ಲಿ ನೂರಾರು ವರ್ಷ ಕಳೆದಿದೆ, ಮನುಷ್ಯರು ಒಬ್ಬರೂ ಉಳಿದಿಲ್ಲ. ಖಾಲಿ ಕಡಲ ದಡದಲ್ಲಿ ಅವಳು ಒಬ್ಬಳೇ ಇಳಿಯುತ್ತಾಳೆ. ಅಲ್ಲಿಗೆ ಮುಗಿಯಿತು. ಉಳಿದ ಭಾಗವನ್ನೆಲ್ಲ ಅವರ ಮನೆಯಲ್ಲಿ, ಶಾಲೆಯ ಪ್ರಯೋಗಶಾಲೆಯಲ್ಲಿ ತೆಗೆದಾಗಿತ್ತು. ಇಳಿಯುವುದೊಂದು ಬಾಕಿ. ರಾಕೆಟ್ಟು ಮಾಡಿಸುವಷ್ಟು ಅನುಕೂಲ ಅವರಿಗೆ ಇರಲಿಲ್ಲ. ನಮ್ಮ ದೋಣಿಯನ್ನು ರಾಕೆಟ್ಟು ಮಾಡಲು ಬಿಡುತ್ತೀರಾ ಎಂದು ಕೇಳಲು ಬಂದಿದ್ದರು.

ಅಜ್ಜ ಎಲೆ ಅಡಿಕೆ ಮೆಲ್ಲುತ್ತಾ ಕೇಳಿಸಿಕೊಂಡ. ಅವನಿಗೆ ಕಥೆ ಅರ್ಥವಾಗುವುದಿಲ್ಲ ಎಂದು ಮಾಸ್ಟ್ರು ಅಂದುಕೊಂಡಿದ್ದರೇನೋ. ಅಜ್ಜ ಕೇಳಿದ, "ಇಂಜಿನು ಎಲ್ಲಿ ಕೂತುಕೊಳ್ಳುವುದು?"

"ಕಾಣುವುದಿಲ್ಲ ಅಜ್ಜ. ಒಳಗೆ ಉಂಟು ಅಂತ ಲೆಕ್ಕ."

"ಸೀಮೆಎಣ್ಣೆಯದ್ದಾ?"

ಉಷಕ್ಕ ನಗು ತಡೆಯಲಾಗದೆ ಬಾವಿಯ ಕಡೆ ಹೋದಳು. ಅಜ್ಜ ಇನ್ನಷ್ಟು ಹೊತ್ತು ಯೋಚಿಸಿ, "ನಿಮ್ಮ ಕಥೆಯಲ್ಲಿ ಒಂದು ತಪ್ಪುಂಟು ಮಾಸ್ಟ್ರೇ" ಎಂದ. "ದಡದಲ್ಲಿ ಯಾರೂ ಇಲ್ಲದಿದ್ದರೆ ದೋಣಿಯನ್ನು ಮೇಲೆ ಎಳೆಯುವುದು ಯಾರು?"

ಮಾಸ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಆದರೂ ಅಜ್ಜ ಒಪ್ಪಿದ. ನಾಲ್ಕು ದಿನ ದೋಣಿ ಮಗುಚದೆ ಇಡುತ್ತೇನೆ, ಆದರೆ ಎರಡು ಮಾತು. ನಮ್ಮ ದೋಣಿ ಹುರಿಹಗ್ಗದಲ್ಲಿ ಹೊಲಿದದ್ದು, ಅದಕ್ಕೆ ಒಂದೇ ಒಂದು ಮೊಳೆ ಹೊಡೆಯಬಾರದು. ಮತ್ತೆ ಯಾರೇ ಆಗಲಿ, ಎಲ್ಲಿಂದಲೇ ಬರಲಿ, ಕಾಲಿಗೆ ಹಾಕಿಕೊಂಡು ದೋಣಿ ಹತ್ತಬಾರದು. ನಮಗೆ ದೋಣಿ ಎಂದರೆ ದೇವರ ಕೋಣೆ ಇದ್ದ ಹಾಗೆ. ಉಷಕ್ಕನಿಗಾಗಿ ಬೆಳ್ಳಿ ಬಣ್ಣ ಬಳಿದ ಗಂಬೂಟು ತಂದಿದ್ದರು. ಮಾಸ್ಟ್ರು ಅದನ್ನು ನೋಡಿದರು, ಅಜ್ಜನ ಮುಖ ನೋಡಿದರು, ಬೂಟನ್ನು ಚೀಲಕ್ಕೆ ಹಾಕಿದರು. ಹಾಗೆ ನಕ್ಷತ್ರದಿಂದ ಬರುವವಳು ಬರಿಗಾಲಲ್ಲಿ ಬರುವುದೆಂದು ತೀರ್ಮಾನವಾಯಿತು.

ಆ ಮೂರು ದಿನ ನಮ್ಮ ಅಂಗಳದಲ್ಲಿ ಹಬ್ಬ. ಗೇರುಬೀಜದ ಕಾರ್ಖಾನೆಯಿಂದ ಹಳೆಯ ಡಬ್ಬಿಗಳನ್ನು ತಂದು, ಕತ್ತರಿಸಿ ಚಪ್ಪಟೆ ಮಾಡಿ, ಬಲೆ ಹೊಲಿಯುವ ದಾರದಿಂದ ಒಂದಕ್ಕೊಂದು ಹೊಲಿದು ದೋಣಿಯ ಮೇಲೆ ಗೂಡಿನ ಹಾಗೆ ಕಟ್ಟುವುದು. ಹೊಲಿಯಲು ಕೇರಿಯ ಹೆಂಗಸರೆಲ್ಲ ಬಂದರು, ಬಲೆಯ ಗಂಟು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ತಗಡು ತುಕ್ಕು ಹಿಡಿದು ಮಂಕಾಗಿತ್ತು. ಅಜ್ಜಿ ಒಂದು ದೊಡ್ಡ ಉಂಡೆ ಹುಣಸೆಹುಳಿ ತಂದು, ದೇವರ ದೀಪ ಬೆಳಗುವ ಹಾಗೆ ಬೂದಿ ಸೇರಿಸಿ ತಿಕ್ಕಲು ನಮಗೆ ಹೇಳಿಕೊಟ್ಟಳು. ನಾವು ಮಕ್ಕಳು ಕೈ ಬಿಳುಚಿಕೊಳ್ಳುವವರೆಗೆ ತಿಕ್ಕಿದೆವು. ಮೂರನೆಯ ದಿನ ಸಂಜೆಯ ಬಿಸಿಲು ಬಿದ್ದಾಗ ಅದು ನಿಜವಾಗಿ ರಾಕೆಟ್ಟಿನ ಹಾಗೆ ಹೊಳೆಯಿತು. ವಾಸನೆ ಮಾತ್ರ ಮೀನೆಣ್ಣೆ ಮತ್ತು ಹುಳಿಯದ್ದು.

ಉಷಕ್ಕನ ತಲೆಗೆ ಒಂದು ದೊಡ್ಡ ಮಿಠಾಯಿ ಭರಣಿಯ ಬುಡ ಕೊಯ್ದು ಹಾಕುತ್ತಿದ್ದರು. ಕಿವಿ ಕೆಂಪಾಗಿ, ಉಸಿರಿಗೆ ಮಂಜು ಹಿಡಿದು, ಒಳಗಿಂದ ಅವಳಿಗೆ ಏನೂ ಕಾಣುತ್ತಿರಲಿಲ್ಲ. "ಒಳಗೆ ಪೆಪ್ಪರ್‌ಮಿಂಟಿನ ಪರಿಮಳ ಉಂಟು, ಅದೊಂದೇ ಸುಖ" ಎಂದು ನನ್ನ ಹತ್ತಿರ ಹೇಳಿದ್ದಳು. ನನಗೂ ಒಮ್ಮೆ ಹಾಕಿ ತೋರಿಸಿದಳು. ಹೌದು, ಪರಿಮಳ ಇತ್ತು.

ನಾಲ್ಕನೆಯ ದಿನ ಕೊನೆಯ ದಿನ. ಯಾರದ್ದೋ ಕೈಕಾಲು ಹಿಡಿದು ತಂದ ಕ್ಯಾಮರಾವನ್ನು ಅದೇ ಸಂಜೆ ಮರಳಿಸಬೇಕು. ಉಳಿದ ರೀಲು ಒಂದೇ, ಮೂರು ನಿಮಿಷಕ್ಕೆ ಸಾಕಾಗುವಷ್ಟು. ಪಡುವಣದಲ್ಲಿ ಬೆಳಿಗ್ಗೆಯೇ ಮೋಡ ಕಟ್ಟಿತ್ತು. ಎರಡನೆಯ ಸಲ ತೆಗೆಯುವ ಮಾತೇ ಇಲ್ಲ. ಬೇರೆ ಲೋಕದ ಹಾಗೆ ಕಾಣಬೇಕು, ನೆರಳು ಇರಬಾರದು ಎಂದು ಮಾಸ್ಟ್ರು ನಡುಮಧ್ಯಾಹ್ನದ ಹೊತ್ತು ಇಟ್ಟಿದ್ದರು. ಕೇರಿಯವರೆಲ್ಲ ಹತ್ತು ನಿಮಿಷ ಮನೆಯೊಳಗೆ ಇರಬೇಕು. ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿದರು. ನಾಯಿಗಳಿಗೆ ಹಿತ್ತಲಲ್ಲಿ ಮೀನಿನ ತಲೆ ಹಾಕಿದರು. ದಡ ಖಾಲಿಯಾಗಿ ಕಾಣುವುದೇ ಇಡೀ ಸಿನಿಮಾದ ಜೀವ ಎಂದು ಮಾಸ್ಟ್ರು ಮನೆಮನೆಗೆ ಹೋಗಿ ಕೈಮುಗಿದು ಹೇಳಿ ಬಂದರು.

ಅವರಿಗೆ ಹೆದರಿಕೆ ಇದ್ದದ್ದು ಅಜ್ಜಿಯ ಬಗ್ಗೆ ಮಾತ್ರ. ಮೂರು ದಿನದಿಂದ ನೋಡಿದ್ದರಲ್ಲ, ಕೂತಲ್ಲಿ ಕೂರುವ ಜನ ಅಲ್ಲ. ಅದಕ್ಕೆ ನನ್ನನ್ನು ಕರೆದು, ಕೆಳಗೆ ಕೂತು, ನನ್ನ ಎತ್ತರಕ್ಕೆ ಮುಖ ತಂದು ಹೇಳಿದರು. "ವಾರಿಜ, ಇವತ್ತು ಎಲ್ಲರಿಗಿಂತ ದೊಡ್ಡ ಕೆಲಸ ನಿನ್ನದು. ಅಜ್ಜಿಯ ಸೆರಗು ಹಿಡ್ಕೊಂಡು ಹೊಸ್ತಿಲಲ್ಲಿ ಕೂತ್ಕೊಳ್ಳಬೇಕು. ನಾನು ಆಯ್ತು ಹೇಳುವವರೆಗೆ ಬಿಡಬಾರದು. ಮತ್ತೆ ನಿನಗೆ ಕ್ಯಾಮರಾದ ತೂತಿನಲ್ಲಿ ನೋಡ್ಲಿಕ್ಕೆ ಕೊಡ್ತೇನೆ."

ನಾನು ಸೆರಗನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡು ಕೂತೆ. ಅಜ್ಜಿಗೆ ನಗು. ಮಾಸ್ಟ್ರು ಕೈ ಎತ್ತಿದರು. ಕ್ಯಾಮರಾ ಕಿರ್ರೆಂದು ತಿರುಗತೊಡಗಿತು. ತಗಡಿನ ಬಾಗಿಲು ತೆರೆದು ಉಷಕ್ಕ ಹೊರಗೆ ಬಂದಳು, ದೋಣಿಯ ಅಂಚಿನಿಂದ ಇಳಿದಳು, ಬರಿಗಾಲನ್ನು ಮರಳಿಗೆ ಇಟ್ಟಳು.

ಮೇ ತಿಂಗಳ ಮಧ್ಯಾಹ್ನದ ಮರಳು. ನಮ್ಮಂಥ ಹೊಯ್ಗೆಯಲ್ಲೇ ಬೆಳೆದ ಕಾಲುಗಳೂ ಆ ಹೊತ್ತಿಗೆ ಓಡುತ್ತವೆ. ಅವಳು ಓಡುವಂತಿಲ್ಲ. ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು, ಮೊಣಕಾಲೂರಿ ಕೂತಳು. ಸುಟ್ಟದ್ದೋ ನಟಿಸಿದ್ದೋ ನನಗೆ ತಿಳಿಯಲಿಲ್ಲ. ಅಷ್ಟು ಚೆಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ತಗಡಿನ ಹೊಳಪು ಕಣ್ಣಿಗೆ ಹೊಡೆಯುತ್ತಿತ್ತು. ಕಣ್ಣಿಗೆ ಕೈ ಅಡ್ಡ ಹಿಡಿಯಬೇಕೆಂದು ನಾನು ಸೆರಗು ಬಿಟ್ಟೆ.

ಹಿಂದಿನಿಂದ ಅಜ್ಜಿ ಮೆಲ್ಲನೆ ಕೇಳಿದಳು, "ಅವಳಿಗೆ ಕುಡಿಯಲಿಕ್ಕೆ ಎಂತ ಇಟ್ಟಿದ್ದಾರೆ?"

ನಾನು ತಿರುಗಿ ನೋಡಲಿಲ್ಲ. "ಎಂತ ಇಲ್ಲ."

"ಕೊಡ್ಲಿಕ್ಕೆ ಯಾರೂ ಇಲ್ಲವಾ?"

"ಯಾರೂ ಇಲ್ಲ ಅಜ್ಜಿ. ಭೂಮಿಯಲ್ಲೇ ಯಾರೂ ಇಲ್ಲ."

"ನಾನಿದ್ದೇನಲ್ಲ" ಎಂದಳು ಅಜ್ಜಿ.

ಅದೂ ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅಡುಗೆಕೋಣೆಯಲ್ಲಿ ಬೆಲ್ಲದ ಡಬ್ಬಿಯ ಮುಚ್ಚಳದ ಸದ್ದು ಬಂತು, ಅದೂ ತಲೆಗೆ ಹೋಗಲಿಲ್ಲ. ಅಜ್ಜಿ ನನ್ನ ಪಕ್ಕದಿಂದಲೇ ದಾಟಿ ಅಂಗಳಕ್ಕೆ ಇಳಿದಾಗ ಎಚ್ಚರವಾಯಿತು. ಅಷ್ಟು ಹೊತ್ತಿಗೆ ಅವಳು ತೆಂಗಿನ ಮರ ದಾಟಿದ್ದಳು. ಎಡಗೈಯಲ್ಲಿ ಹಿತ್ತಾಳೆಯ ಚೊಂಬು, ಬಲಗೈಯ ಮುಷ್ಟಿಯಲ್ಲಿ ಬೆಲ್ಲ, ಮೀನು ಹೊತ್ತು ಹೊತ್ತು ನೆಟ್ಟಗಾದ ಬೆನ್ನು. ಓಡಿ ಹೋಗಿ ಹಿಡಿಯಬಹುದಿತ್ತು. ಹಿಡಿಯಲು ಹೋದರೆ ನಾನೂ ಸಿನಿಮಾದಲ್ಲಿ ಕಾಣುತ್ತೇನೆ ಎಂದು ಹೊಸ್ತಿಲಲ್ಲೇ ಕಲ್ಲಾಗಿ ನಿಂತೆ.

ಅಜ್ಜಿ ಉಷಕ್ಕನ ಮುಂದೆ ಕೂತಳು. ಪಾತ್ರೆಯ ಮುಚ್ಚಳ ತೆಗೆದ ಹಾಗೆ ತಲೆಯಿಂದ ಭರಣಿ ತೆಗೆದು ಮರಳ ಮೇಲೆ ಇಟ್ಟಳು. ಒಂದು ಮಾತು ಹೇಳಿ ಬಾಯಿಗೆ ಬೆಲ್ಲ ಹಾಕಿದಳು. ಚೊಂಬನ್ನು ಎರಡೂ ಕೈಯಲ್ಲಿ ಅವಳ ಬಾಯಿಗೆ ಹಿಡಿದಳು. ಉಷಕ್ಕ ಗಟಗಟ ಕುಡಿದಳು. ಅಷ್ಟರಲ್ಲಿ ಕ್ಯಾಮರಾದ ಸದ್ದು ತಾನಾಗಿಯೇ ನಿಂತಿತು. ರೀಲು ಮುಗಿದಿತ್ತು.

ಮಾಸ್ಟ್ರು ಬೈಯಲಿಲ್ಲ. ತಲೆಗೆ ಕೈಯಿಟ್ಟು ಮರಳಿನಲ್ಲಿ ಕೂತುಬಿಟ್ಟರು. ಬೈದರೆ ಒಳ್ಳೆಯದಿತ್ತು. ಕೇರಿಯವರು ಒಬ್ಬೊಬ್ಬರಾಗಿ ಹೊರಗೆ ಬಂದು ದೂರ ನಿಂತರು. ಅಜ್ಜನಿಗೆ ಮರ್ಯಾದೆ ಹೋದ ಹಾಗಾಯಿತು. ಮಾತು ಕೊಟ್ಟವನು ಅವನಲ್ಲವೇ. ಎಲ್ಲರೆದುರು ಅಜ್ಜಿಗೆ ಹೇಳಿದ, "ಒಂದು ಗಳಿಗೆ ಸುಮ್ಮನೆ ಕೂತ್ಕೊಳ್ಳಲಿಕ್ಕೆ ಆಗುವುದಿಲ್ಲ ನಿನಗೆ. ಆ ಮಕ್ಕಳು ಎಷ್ಟು ದಿನದಿಂದ ಒದ್ದಾಡ್ತಿದ್ದಾರೆ ಅಂತ ಕಣ್ಣಿಲ್ಲವಾ?" ಅವನು ಅಜ್ಜಿಗೆ ಹಾಗೆ ಜನರ ಮುಂದೆ ಹೇಳಿದ್ದು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ನನ್ನ ಕಡೆ ತಿರುಗಿದ. "ನೀನೆಂತ ಮಾಡ್ತಿದ್ದೆ? ಹಿಡ್ಕೊಳ್ಳಲಿಕ್ಕೆ ಹೇಳಿದ್ದಲ್ಲವಾ?"

"ಹಿಡಿದಿದ್ದೆ ಅಜ್ಜ" ಎಂದೆ. "ಅಜ್ಜಿಯೇ ಎಳ್ಕೊಂಡು ಹೋದದ್ದು."

ಅಜ್ಜಿ ನನ್ನನ್ನು ನೋಡಿದಳು. ಸಿಟ್ಟು ಇರಲಿಲ್ಲ. ಬುಟ್ಟಿಯಲ್ಲಿ ಮೀನು ಎಷ್ಟು ಉಳಿದಿದೆ ಎಂದು ನೋಡುವ ಹಾಗೆ ಒಂದು ಸಲ ನೋಡಿ, ಅಜ್ಜನಿಗೆ ಹೇಳಿದಳು, "ಹೌದು, ಮಗು ಹಿಡ್ಕೊಂಡಿತ್ತು. ನಾನೇ ಕೇಳಲಿಲ್ಲ."

ತಗಡು ಬಿಚ್ಚಿ, ಸಾಮಾನು ಕಟ್ಟಿ ಅವರು ರಿಕ್ಷಾ ಹತ್ತಿದರು. ಹೋಗುವ ಮೊದಲು ಮಾಸ್ಟ್ರು ನೆನಪಿಟ್ಟು ನನ್ನನ್ನು ಕರೆದು ಕ್ಯಾಮರಾದ ತೂತಿನಲ್ಲಿ ನೋಡು ಎಂದರು. ನಾನು ಬೇಡ ಎಂದು ಒಳಗೆ ಓಡಿದೆ. ರಿಕ್ಷಾ ತಿರುವು ದಾಟಿದ ಮೇಲೆ ಮಳೆಯ ಮೊದಲ ಹನಿಗಳು ಬಿದ್ದವು.

ಆ ದಿನ ದೀಪ ಹಚ್ಚಿದ ಮೇಲೆ ಅಜ್ಜಿ ಎಂದಿನಂತೆ ಕೂತಳು. ಅವಳ ಮೂರು ಒಳ್ಳೆಯದನ್ನು ಹೇಳಿದಳು. ಕ್ಯಾಮರಾದವರು ಹೊರಡುವವರೆಗೆ ದೇವರು ಮಳೆಯನ್ನು ಹಿಡಿದಿಟ್ಟ. ದೋಣಿಗೆ ಒಂದು ಗೀರೂ ಬೀಳಲಿಲ್ಲ. ಮೂರನೆಯದು, "ಆ ಹುಡುಗಿ ಚೊಂಬಿನಲ್ಲಿ ಒಂದು ಹನಿ ಬಿಡದೆ ನೀರು ಕುಡಿದಳು." ಆಮೇಲೆ ನನ್ನ ಸರದಿ. ನನಗೆ ಒಂದೂ ಸಿಗಲಿಲ್ಲ. ಇವತ್ತು ಇಲ್ಲ ಎಂದೆ. "ಪರವಾಗಿಲ್ಲ, ನಾಳೆ ಆರು ಹೇಳು" ಎಂದು ನನ್ನ ಹಣೆಗೆ ಗಂಧ ಹಚ್ಚಿದಳು. ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಬೇಕಿತ್ತೇ? ಬಿಡಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆಯೂ ಹಾಗೆಯೇ ಅಂದುಕೊಂಡೆ.

ಮುಂದೆ ಅಜ್ಜ ಪೇಟೆಗೆ ಹೋದಾಗ ಯಾರನ್ನೋ ಕೇಳಿ ಬಂದು, ಆ ಸಿನಿಮಾ ಮುಗಿಯಲೇ ಇಲ್ಲವಂತೆ ಎಂದ. ಅಜ್ಜಿ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತಲಿಲ್ಲ. "ಪಾಪ, ನನ್ನಿಂದ" ಎಂದಳು. ಅವಳು ಹಾಗೆ ಅಂದದ್ದು ಇವತ್ತಿಗೂ ನನಗೆ ಮೀನಿನ ಮುಳ್ಳು ಗಂಟಲಲ್ಲಿ ಸಿಕ್ಕಿದ ಹಾಗೆ.

ನಾನು ಹೈಸ್ಕೂಲಿನಲ್ಲಿರುವಾಗ ಅಜ್ಜಿ ಹೋದಳು. ಮಲಗಿದ್ದು ಎರಡೇ ದಿನ, ಅದೂ ದೇವರ ದಯೆ. ಉತ್ತರಕ್ರಿಯೆಯ ಬೊಜ್ಜದ ದಿನ ಹೂವು ಹಾಕಲು ಫೋಟೋ ಹುಡುಕಿದರೆ ಮನೆಯಲ್ಲಿ ಒಂದೂ ಇರಲಿಲ್ಲ. ಫೋಟೋ ತೆಗೆಯುವವರನ್ನು ಕಂಡರೆ ಸೆರಗು ಮುಖಕ್ಕೆ ಎಳೆದುಕೊಂಡು, ನನ್ನ ಮೋರೆ ಯಾರಿಗೆ ಬೇಕು ಎನ್ನುವವಳು. ಕೊನೆಗೆ ಅವಳ ಹಿತ್ತಾಳೆಯ ಚೊಂಬಿಗೆ ಹೂವು ಹಾಕಿದೆವು. ತಮ್ಮನ ಮನೆಯ ಗೋಡೆಯ ಮೇಲೆ ಈಗಲೂ ಅಜ್ಜನ ಫೋಟೋ ಒಂದೇ ಇದೆ. ಪಕ್ಕದಲ್ಲಿ ಒಂದು ಮೊಳೆ ಖಾಲಿ.

ಬುಧವಾರ ಫೋನಿನಲ್ಲಿ ಮಾಸ್ಟ್ರು ಹೇಳಿದ್ದು ಇಷ್ಟು. ಅವರೀಗ ಶಕ್ತಿನಗರದಲ್ಲಿ ಮಗಳ ಮನೆಯಲ್ಲಿದ್ದಾರೆ. ತಮ್ಮನ ಹತ್ತಿರ ನನ್ನ ನಂಬರು ತೆಗೆದುಕೊಂಡದ್ದಂತೆ. ಸಿನಿಮಾ ಮುಗಿದಿತ್ತು, ಆದರೆ ಎರಡು ವರ್ಷ ತಡವಾಗಿ. ಆಗ ನಾಲ್ಕೈದು ಕಡೆ ಶಾಲೆಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ತೋರಿಸಿ, ಡಬ್ಬಿಯನ್ನು ಕಪಾಟಿನಲ್ಲಿ ಇಟ್ಟಿದ್ದರು. ಈಗ ಅವರ ಹಳೆಯ ವಿದ್ಯಾರ್ಥಿಯೊಬ್ಬ ಅದನ್ನು ಕಂಪ್ಯೂಟರಿಗೆ ಹಾಕಿ ಸರಿಮಾಡಿದ್ದಾನೆ. ಬರುವ ಭಾನುವಾರ ಪೇಟೆಯಲ್ಲಿ ಒಂದು ಸಣ್ಣ ಸಭಾಂಗಣದಲ್ಲಿ ತೋರಿಸುತ್ತಾರೆ. ಕೊನೆಯಲ್ಲಿ ಹೆಸರುಗಳು ಬರುವಲ್ಲಿ ಹಿಂದೆ "ಉಳ್ಳಾಲದ ಅಜ್ಜಿ" ಎಂದಷ್ಟೇ ಬರೆದಿದ್ದರು. ಪೂರ್ತಿ ಹೆಸರು ಬೇಕಿತ್ತು.

ಕೊನೆಯಲ್ಲಿ ಅಜ್ಜಿಯ ಹೆಸರು ಏಕೆ ಎಂದು ನನಗೆ ಹೊಳೆಯಲಿಲ್ಲ. ನಾನು ಬೇರೆಯದನ್ನೇ ಹಿಡಿದುಕೊಂಡಿದ್ದೆ. ಒಂದೇ ಉಸಿರಿಗೆ ಹೇಳಿಬಿಟ್ಟೆ. ಸೆರಗು ಹಿಡಿದಿರಲಿಲ್ಲ ಮಾಸ್ಟ್ರೇ, ಬಿಟ್ಟಿದ್ದೆ. ಯಾರೂ ಇಲ್ಲ ಅಂತ ನಾನೇ ಹೇಳಿದ್ದು, ಅದಕ್ಕೇ ಅವಳು ಹೋದದ್ದು. ಆಮೇಲೆ ಸುಳ್ಳು ಹೇಳಿದೆ.

ಅತ್ತ ಕಡೆ ಮುದುಕರು ನಕ್ಕರು. "ಎಂತ ಮಾರಾಯ್ತಿ, ಇಷ್ಟು ವರ್ಷ ಇಟ್ಕೊಂಡಿದ್ದಾ ಇದನ್ನು? ಆವತ್ತು ನನಗೂ ಎಲ್ಲ ಹಾಳಾಯ್ತು ಅಂತಲೇ ಕಂಡದ್ದು. ಆ ರೀಲನ್ನು ಲ್ಯಾಬಿಗೆ ಕಳಿಸಿ ತೊಳೆಸಲಿಕ್ಕೂ ಮನಸ್ಸಿರಲಿಲ್ಲ. ತೊಳೆಸಿ ನೋಡಿದ ಮೇಲೆ ಕತ್ತರಿಸಲಿಕ್ಕೆ ಕೈ ಬರಲಿಲ್ಲ. ಸಿನಿಮಾ ಮುಗಿಯುವುದೇ ಅಲ್ಲಿ. ನೀನು ಹಿಡ್ಕೊಂಡಿದ್ದರೆ ಅವಳು ಖಾಲಿ ದಡದಲ್ಲಿ ಕೂತೇ ಇರ್ತಿದ್ದಳು."

ಮತ್ತೆ ಅವರು ಇನ್ನೊಂದು ಕೇಳಿದರು. ಆ ಕ್ಯಾಮರಾದಲ್ಲಿ ಸ್ವರ ಹಿಡಿಯುವುದಿಲ್ಲವಂತೆ. ಅಜ್ಜಿಯ ತುಟಿ ಅಲ್ಲಾಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಉಷಕ್ಕನಿಗೆ ಕಾಲು ಸುಟ್ಟದ್ದು ಮತ್ತು ಬೆಲ್ಲದ ರುಚಿ ಬಿಟ್ಟು ಬೇರೇನೂ ನೆನಪಿಲ್ಲ. ಈಗ ಪರದೆಯ ಕೆಳಗೆ ಅಕ್ಷರ ಹಾಕುವುದರಿಂದ, ಅವಳು ಹೇಳಿದ್ದು ಎಂತ ಎಂದು ತಿಳಿದರೆ ಒಳ್ಳೆಯದಿತ್ತು. ಹೇಳಬಲ್ಲವರು ಯಾರಾದರೂ ಉಳಿದಿದ್ದಾರೆಯೇ ಎಂದು ಹುಡುಕುತ್ತಿದ್ದರು.

ನನಗೆ ಗೊತ್ತಿತ್ತು. ಕಡಲ ಗಾಳಿ ಆ ಹೊತ್ತು ಮನೆಯ ಕಡೆಗೆ ಬೀಸುತ್ತಿತ್ತು. ಬೀಸದಿದ್ದರೂ ಗೊತ್ತಿರುತ್ತಿತ್ತು, ಬಿಸಿಲಿಂದ ಬಂದ ಎಲ್ಲರಿಗೂ ಅವಳು ಹೇಳುತ್ತಿದ್ದದ್ದು ಅದೇ. ನಾನು ತುಳುವಿನಲ್ಲಿ ಹೇಳಿ, ಕನ್ನಡದಲ್ಲಿಯೂ ಹೇಳಿದೆ. "ಮೊದಲು ಬೆಲ್ಲ ಬಾಯಿಗೆ ಹಾಕು ಮಗಾ. ಎಲ್ಲಿಂದ ಬಂದದ್ದು ಅಂತ ಮತ್ತೆ ಕೇಳ್ತೇನೆ."

ಮಾಸ್ಟ್ರು ಬರೆದುಕೊಂಡರು. ನಿಧಾನಕ್ಕೆ ಇನ್ನೊಮ್ಮೆ ಹೇಳಿಸಿ ಬರೆದುಕೊಂಡರು. ಆಮೇಲೆ ಹೆಸರು ಹೇಳಿದೆ. ಫೋನು ಇಟ್ಟ ಐದು ನಿಮಿಷಕ್ಕೆ ಅವರ ಮಗಳು ವಾಟ್ಸಾಪಿನಲ್ಲಿ ಆ ತುಂಡನ್ನು ಕಳಿಸಿದಳು.

ಕಪ್ಪು ಬಿಳುಪು, ಸದ್ದಿಲ್ಲ, ನನ್ನ ಅಂಗೈಯಷ್ಟು ಪರದೆ. ನಾವು ತಿಕ್ಕಿದ ತಗಡು ಹೊಳೆಯುತ್ತಿದೆ. ಉಷಕ್ಕ ಮೊಣಕಾಲೂರಿದ್ದಾಳೆ. ಬದಿಯಿಂದ ಅಜ್ಜಿ ಬರುತ್ತಾಳೆ, ಅದೇ ಬೆನ್ನು, ಅದೇ ಚೊಂಬು. ಬೆಲ್ಲ ಹಾಕುತ್ತಾಳೆ, ಎರಡೂ ಕೈಯಲ್ಲಿ ಚೊಂಬನ್ನು ಬಾಯಿಗೆ ಹಿಡಿಯುತ್ತಾಳೆ. ಕೊನೆಗೆ ಕ್ಯಾಮರಾ ನಿಲ್ಲುವ ಮೊದಲು ತಲೆ ತಿರುಗಿಸಿ ನೇರ ನೋಡುತ್ತಾಳೆ. ಸೆರಗು ಎಳೆದುಕೊಳ್ಳಲು ಕೈ ಖಾಲಿ ಇಲ್ಲ. ಮೋರೆ ಪೂರ್ತಿ ಕಾಣುತ್ತದೆ. ಮೂಗುತಿ ಕಾಣುತ್ತದೆ. ನಾನು ನಿಲ್ಲಿಸಿ ನೋಡಿದೆ. ಅಡುಗೆಕೋಣೆಯಲ್ಲಿ ನಾನೊಬ್ಬಳೇ. "ಹಿಡಿದಿರಲಿಲ್ಲ ಅಜ್ಜಿ" ಎಂದೆ. ಹೇಳಬೇಕಾದದ್ದು ಅವಳಿಗೇ ಅಲ್ಲವೇ.

ಆ ಮನೆ ಇದ್ದ ಜಾಗ ಈಗ ಇಲ್ಲ. ತೆಂಗಿನ ಮರ, ಅಂಗಳ, ಹೊಸ್ತಿಲು, ಎಲ್ಲವನ್ನೂ ಕಡಲು ಒಂದೊಂದು ಮಳೆಗಾಲಕ್ಕೆ ಒಂದಿಷ್ಟು ಎಂದು ತೆಗೆದುಕೊಂಡು ಹೋಯಿತು. ಉಳಿದಲ್ಲಿ ದೊಡ್ಡ ದೊಡ್ಡ ಕಲ್ಲು ಹಾಕಿದ್ದಾರೆ. ಹೊಲಿದ ದೋಣಿ ಯಾರ ಹತ್ತಿರವೂ ಇಲ್ಲ, ಫೈಬರಿನದ್ದು ಬಂದಿದೆ, ಎಳೆಯಲು ಹಾಡೂ ಬೇಕಾಗಿಲ್ಲ. ನಮ್ಮ ಮನೆಗೆ ಬರುವವರು ಮೊದಲೇ ಮೆಸೇಜು ಮಾಡಿ ಬರುತ್ತಾರೆ. ನಾನು ಫ್ರಿಜ್ಜಿನಿಂದ ಜ್ಯೂಸಿನ ಪೊಟ್ಟಣ ತೆಗೆದು ಗ್ಲಾಸಿಗೆ ಹಾಕಿ, ಎಂತ ಬಂದದ್ದು ಎಂದು ಅದರೊಟ್ಟಿಗೇ ಕೇಳುತ್ತೇನೆ. ಅಜ್ಜಿಯ ಸ್ವರ ಎಲ್ಲಿಯೂ ಉಳಿಯಲಿಲ್ಲ. ಅದು ನನ್ನ ಕಿವಿಯೊಳಗೆ ಇರುವಷ್ಟು ದಿನ, ಅಷ್ಟೇ. ಆದರೆ ಮೋರೆ ಸಿಕ್ಕಿತು. ಆ ಖಾಲಿ ಮೊಳೆಗೆ ಒಂದು ಫೋಟೋ ಆದೀತು.

ದೀಪದ ಹೊತ್ತಿಗೆ ಇನ್ನೂ ತುಂಬ ಸಮಯ ಇತ್ತು. ಆದರೂ ಅಲ್ಲೇ ನಿಂತು ಎಣಿಸಿದೆ. ಮಾಸ್ಟ್ರು ಬದುಕಿದ್ದಾರೆ. ಉಷಕ್ಕನ ಬಾಯಲ್ಲಿ ಬೆಲ್ಲದ ರುಚಿ ಇನ್ನೂ ಇದೆ. ಮೂರನೆಯದು ಹೇಳುವಷ್ಟರಲ್ಲಿ ಹಿಂದಿನ ಜಗಲಿಯಲ್ಲಿ ಪಾತ್ರೆ ಉರುಳಿದ ಸದ್ದಾಯಿತು. ಹೋಗಿ ನೋಡಿದರೆ ಪಕ್ಕದ ಮನೆಯ ಬೆಕ್ಕು ಎರಡು ಬೂತಾಯಿ ಕಚ್ಚಿಕೊಂಡು ಗೋಡೆ ಹಾರಿತ್ತು. ತಿನ್ನಲಿ. ಹತ್ತು ಉಳಿದಿದ್ದವು. ಪುಳಿಮುಂಚಿ ಸಾರಿಗೆಂದು ಒಂದು ಸಣ್ಣ ಉಂಡೆ ಹುಣಸೆಹುಳಿಯನ್ನು ನೀರಿಗೆ ಹಾಕಿ, ಮೆಟ್ಟುಕತ್ತಿಯ ಮೇಲೆ ಕೂತು ಒಂಬತ್ತನೆಯದನ್ನು ಕೈಗೆ ತೆಗೆದುಕೊಂಡೆ.